ಚೌತಿಗೆ ಬಂದ ಬ್ರೌಸರ್

ಗೂಗಲ್‌ನವರು ತಮ್ಮ ಹೊಸ ಬ್ರೌಸರ್ ಕ್ರೋಮನ್ನು ಬಿಟ್ಟದ್ದು 2008ರ ಸೆಪ್ಟೆಂಬರ್ 2ರಂದು. ಕ್ಯಾಲಿಫೋರ್ನಿಯಾದಲ್ಲಿ ಅದು ಬರೀ ಮಂಗಳವಾರ, ನಮ್ಮಲ್ಲಿ ಗೌರಿ ಹಬ್ಬ. ಅವರು ಹಗಲು ಹೊತ್ತಿನಲ್ಲಿ ಬಿಟ್ಟದ್ದು ನಮಗೆ ಸಿಗುವಷ್ಟರಲ್ಲಿ ನಡುರಾತ್ರಿ ದಾಟಿ, ಗೌರಿಯ ಪಾಳಿ ಮುಗಿದು ಗಣಪತಿಯ ಪಾಳಿ ಶುರುವಾಗಿತ್ತು. ಆ ಊರಿನಲ್ಲಿ ನಮ್ಮವರು ಅಷ್ಟೊಂದು ಮಂದಿ ಇದ್ದಾರೆ, ಒಬ್ಬರಾದರೂ ಪಂಚಾಂಗ ನೋಡಿ ಹೇಳಬಾರದಿತ್ತೇ? ಚೌತಿಯ ಚಂದ್ರನನ್ನು ಕಂಡರೆ ಅಪವಾದ ತಪ್ಪದು ಅನ್ನುತ್ತಾರೆ. ನಾನು ಚಂದ್ರ ಕಾಣದಂತೆ ಕಿಟಕಿ ಹಾಕಿಕೊಂಡು ಒಳಗೆ ಕೂತಿದ್ದವನು. ನೋಡಿದ್ದು ಮಾನಿಟರನ್ನು. ಅಪವಾದ ಮಾತ್ರ ಹುಡುಕಿಕೊಂಡು ಬಂತು. ಕೃಷ್ಣನಿಗೂ ನನಗೂ ಇದ್ದ ವ್ಯತ್ಯಾಸ ಇಷ್ಟೇ, ಅವನ ಮೇಲೆ ಬಂದದ್ದು ಸುಳ್ಳು ಅಪವಾದ.

ನಮ್ಮ ಮನೆಯಲ್ಲಿ ಕಂಪ್ಯೂಟರಿನ ಮಟ್ಟಿಗೆ ನಾನೇ ಯಜಮಾನ. ಮಿಕ್ಕ ಯಾವುದರ ಮಟ್ಟಿಗೂ ಅಲ್ಲವಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿಸಿದ ಯಂತ್ರ, 512 ಎಂಬಿ ರ್‍ಯಾಮ್, ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಎಷ್ಟು ಬೇಕಾದರೂ ಇಳಿಸಿಕೊಳ್ಳಬಹುದಾದ ಬ್ರಾಡ್‌ಬ್ಯಾಂಡು. ಮಗಳು ಇಂಜಿನಿಯರಿಂಗ್ ಓದುತ್ತಿದ್ದಳು. ಅವಳು ಇಂಟರ್ನೆಟ್ಟಿನಲ್ಲಿ ಹಾದಿ ತಪ್ಪಬಾರದೆಂದು ಯಂತ್ರವನ್ನು ಹಾಲ್‌ನಲ್ಲಿ, ಹೋಗುವವರು ಬರುವವರು ಎಲ್ಲರ ಕಣ್ಣಿಗೂ ಬೀಳುವ ಹಾಗೆ ಇಡಿಸಿದ್ದು ನಾನೇ. ದೂರದೃಷ್ಟಿ ಅಂದರೆ ಅದು.

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಗ ನಾನು ವಿಜಯನಗರದ ಕಾಲದ ಒಂದು ಕಾದಂಬರಿಗೆ ಸಾಮಗ್ರಿ ಸಂಗ್ರಹಿಸುತ್ತಿದ್ದೆ. ಇಡೀ ಬಂಧುಬಳಗಕ್ಕೆ ಇದು ಗೊತ್ತಿತ್ತು. ಕಾದಂಬರಿಯ ಹೆಸರಿನಲ್ಲಿ ಸಂಜೆ ಎರಡು ತಾಸು ನನ್ನನ್ನು ತರಕಾರಿಗೆ ಅಟ್ಟಬಾರದು, ಗ್ಯಾಸಿನವನ ಹತ್ತಿರ ಜಗಳಕ್ಕೆ ಕರೆಯಬಾರದು ಎಂಬ ಕಾನೂನು ಜಾರಿಯಲ್ಲಿತ್ತು. ಆ ಎರಡು ತಾಸೂ ನಾನು ಕಂಪ್ಯೂಟರಿನ ಮುಂದೆ ಹುಬ್ಬು ಗಂಟಿಕ್ಕಿಕೊಂಡು ಕೂತಿರುತ್ತಿದ್ದೆ. ಹಿಂದಿನಿಂದ ನೋಡಿದವರಿಗೆ ಕೃಷ್ಣದೇವರಾಯನ ರಾಜ್ಯಭಾರದ ಚಿಂತೆ ನನ್ನ ತಲೆಯ ಮೇಲೇ ಇದೆ ಅನ್ನಿಸಬೇಕು, ಹಾಗೆ.

ಕ್ರೋಮಿನ ಸುದ್ದಿ ಮೊದಲು ತಂದವನು ಅಮೆರಿಕದಲ್ಲಿರುವ ನನ್ನ ಭಾವಮೈದುನ. "ಬಾವ, ಇನ್ನೂ ಎಕ್ಸ್‌ಪ್ಲೋರರ್ ಇಟ್ಕೊಂಡು ಕೂತಿದ್ದೀರಾ?" ಅಂದ ಫೋನಿನಲ್ಲಿ. ನಾನು ಬಿಡಲಿಲ್ಲ. ಆ ವರ್ಷ ಜೂನ್ ತಿಂಗಳಲ್ಲಿ ಫೈರ್‌ಫಾಕ್ಸ್ 3 ಬಂದಾಗ ಒಂದೇ ದಿನಕ್ಕೆ 80,02,530 ಡೌನ್‌ಲೋಡ್ ಆಗಿ ಗಿನ್ನೆಸ್ ದಾಖಲೆಯಾಗಿತ್ತು; ಆ ಕೊನೆಯ ಸೊನ್ನೆಯ ಆಸುಪಾಸಿನಲ್ಲಿ ನಾನೂ ಇದ್ದೇನೆ ಎಂದು ತಿಳಿಸಿದೆ. ಅವನು ನಕ್ಕು, ಇದು ಬೇರೆಯೇ ತಳಿ ಅಂದ. ಅದನ್ನು ವಿವರಿಸಲು ಕಂಪನಿಯವರು ಸ್ಕಾಟ್ ಮೆಕ್ಲೌಡ್ ಎಂಬ ಹೆಸರಾಂತ ಚಿತ್ರಕಾರನ ಕೈಯಲ್ಲಿ 38 ಪುಟದ ಕಾಮಿಕ್ಸ್ ಬರೆಸಿದ್ದರಂತೆ. ಅಂಚೆಗೆ ಹಾಕಿದ್ದ ಆ ಪುಸ್ತಕ ಯಾರದೋ ಕೈಗೆ ಮೊದಲೇ ಸೇರಿ ಗುಟ್ಟು ರಟ್ಟಾಗಿ, ಒಂದು ದಿನ ಮುಂಚೆಯೇ ಪ್ರಕಟಣೆ ಕೊಡಬೇಕಾಯಿತಂತೆ. ಗುಟ್ಟು ರಟ್ಟು ಮಾಡುವುದು ಈ ಬ್ರೌಸರಿನ ಜಾತಕದಲ್ಲೇ ಇತ್ತು ಎಂದು ನನಗೆ ಆಗ ಹೊಳೆಯಲಿಲ್ಲ.

ಹಬ್ಬದ ಬೆಳಿಗ್ಗೆ ಎಂಟು ಗಂಟೆಯೊಳಗೆ ಇಳಿಸಿಕೊಳ್ಳಬೇಕಿತ್ತು. ಒಳಗೆ ಅಮ್ಮ ಕಡುಬಿಗೆ ಹಿಟ್ಟು ತೊಳಸುತ್ತಿದ್ದಳು.

"ರೀ, ಗರಿಕೆ ತಂದ್ರಾ?" ಹೆಂಡತಿಯ ದನಿ.

"ಡೌನ್‌ಲೋಡ್ ಆಗ್ತಿದೆ ಕಣೇ."

"ಗರಿಕೆನಾ?"

ಗರಿಕೆ ಕೊನೆಗೂ ಪಕ್ಕದ ಮನೆಯಿಂದ ಬಂತು. ಕ್ರೋಮೂ ಬಂತು. ಮಂಗಳಾರತಿ ಮುಗಿಸಿ, ಕಡುಬು ತಿಂದು, ಎಲ್ಲರನ್ನೂ ಕರೆದು ಅನಾವರಣ ಮಾಡಿದೆ.

ತೆರೆದರೆ ಏನಿದೆ? ಏನೂ ಇಲ್ಲ. ಫೈಲು, ಎಡಿಟ್ಟು, ವ್ಯೂ ಎಂದು ಸಾಲಾಗಿ ನಿಲ್ಲುತ್ತಿದ್ದ ಮೆನುಗಳು ನಾಪತ್ತೆ. ಸಂಜೆ ಕೋರ್ಸಿಗೆ ಫೀಸು ಕಟ್ಟಿ, ಪ್ರಿಂಟ್ ಬೇಕಾದರೆ ಫೈಲಿಗೆ ಹೋಗಬೇಕು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡವನು ನಾನು. ಫೈಲೇ ಇಲ್ಲದ ಮೇಲೆ ಹೋಗುವುದೆಲ್ಲಿಗೆ? ಟ್ಯಾಬುಗಳು ನೆತ್ತಿಗೇರಿ ಕೂತಿದ್ದವು. ವಿಳಾಸ ಬರೆಯುವುದಕ್ಕೂ ಹುಡುಕುವುದಕ್ಕೂ ಒಂದೇ ಪಟ್ಟಿ. ಬಲಗಡೆ ಮೂಲೆಯಲ್ಲಿ ಎರಡೇ ಗುರುತು, ಒಂದು ಹಾಳೆ, ಒಂದು ಸ್ಪ್ಯಾನರ್.

"ಬಂದ ದಿನಾನೇ ರಿಪೇರಿಗೆ ಇಟ್ಟಿದ್ದಾರೇನೋ?" ಅಂದಳು ಅಮ್ಮ, ಸ್ಪ್ಯಾನರ್ ನೋಡಿ.

ಹೆಂಡತಿ ಮಾತ್ರ ಮೆಚ್ಚಿದಳು. "ಸದ್ಯ, ಒರೆಸೋಕೆ ಏನೂ ಇಲ್ಲ."

ನನ್ನ ಕಣ್ಣಿಗೆ ಬಿದ್ದದ್ದು ವೇಗ. ಬ್ರಾಡ್‌ಬ್ಯಾಂಡಿನ ತಂತಿ ಹಳೆಯದೇ, ಅದರ ನಡಿಗೆಯನ್ನು ಯಾರೂ ತಿದ್ದುವಂತಿರಲಿಲ್ಲ. ಆದರೆ ಮೇಲ್, ನಕ್ಷೆ ಮೊದಲಾದ ಭಾರದ ಪುಟಗಳೊಳಗೆ ಓಡುವ ಜಾವಾಸ್ಕ್ರಿಪ್ಟ್ ಇದೆಯಲ್ಲ, ಅದಕ್ಕಾಗಿ ಇವರು ವಿ8 ಎಂಬ ಹೊಸ ಎಂಜಿನ್ನನ್ನೇ ಕಟ್ಟಿದ್ದರು. ಡೆನ್ಮಾರ್ಕಿನ ಲಾರ್ಸ್ ಬಾಕ್ ಮತ್ತು ತಂಡದ ಕೆಲಸ. ಅವರಿಗೆ ಹೊಗಳಿಕೆ ಸಲ್ಲಲೇಬೇಕು. ನನ್ನ ಮನೆಯಲ್ಲಿ ಅವರು ಮಾಡಿದ ಹಾನಿಯನ್ನೂ ಹೇಳಲೇಬೇಕು. ಮೊದಲೆಲ್ಲ ಮೇಲ್ ತೆರೆಯಲು ಒತ್ತಿ, "ತೆರೀತಾ ಇದೆ, ಅಷ್ಟರಲ್ಲಿ ಒಂದ್ ಲೋಟ ಕಾಫಿ" ಎಂದರೆ ನ್ಯಾಯವಾಗಿ ಸಿಗುತ್ತಿತ್ತು. ಈಗ ನಾನು ಕನ್ನಡಕ ಹಾಕಿಕೊಳ್ಳುವ ಮೊದಲೇ ಪುಟ ಸಿದ್ಧ. "ಆಯ್ತಲ್ಲ, ಏಳಿ ಇನ್ನ" ಎನ್ನುವುದು ವಾಡಿಕೆಯಾಯಿತು. ಸಂಜೆಯ ಒಂದು ಕಾಫಿ ಶಾಶ್ವತವಾಗಿ ನಿಂತುಹೋಯಿತು.

ಕ್ರೋಮಿನ ದೊಡ್ಡ ಹೆಗ್ಗಳಿಕೆ ಇದ್ದದ್ದು ಬೇರೆ ಕಡೆ. ಹಳೆಯ ಬ್ರೌಸರುಗಳಲ್ಲಿ ಎಲ್ಲ ಟ್ಯಾಬುಗಳೂ ಒಂದೇ ಪ್ರೋಸೆಸ್ಸಿನಲ್ಲಿ ಬದುಕುತ್ತಿದ್ದವು. ಒಂದು ಪುಟ ಕೆಟ್ಟು ಕೂತರೆ ಎಲ್ಲವೂ ಒಟ್ಟಿಗೆ ಮುಳುಗುತ್ತಿದ್ದವು. ಕ್ರೋಮಿನಲ್ಲಿ ಟ್ಯಾಬುಗಳಿಗೆ ಬೇರೆ ಬೇರೆ ಪ್ರೋಸೆಸ್. ಒಂದು ಸತ್ತರೆ ಅದರಲ್ಲಿ ಮಾತ್ರ ಸಪ್ಪೆಮುಖದ ಒಂದು ಚಿತ್ರ ಬರುತ್ತದೆ, ಪಕ್ಕದ ಟ್ಯಾಬಿಗೆ ಸೂತಕವೂ ಇಲ್ಲ. ಇದನ್ನು ಊಟದ ಹೊತ್ತಿನಲ್ಲಿ ವಿಸ್ತಾರವಾಗಿ ವಿವರಿಸಿದೆ. ಅಮ್ಮ ಹುಳಿ ಕಲಸುತ್ತಾ ಕೇಳಿಸಿಕೊಂಡು, "ಅಂದ್ರೆ ಪಾಲಾಗಿದ್ದಾರೆ ಅನ್ನು. ಬೇರೆ ಒಲೆ ಹೂಡಿದ್ರೆ ಜಗಳ ಇಲ್ಲ ನಿಜ. ಆದ್ರೆ ಸೌದೆ ಜಾಸ್ತಿ ಬೇಕಾಗುತ್ತೆ ಕಣೋ" ಅಂದಳು. ಮಗಳು ಊಟ ಬಿಟ್ಟು ಎದ್ದುಹೋಗಿ ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿದಳು. ಕ್ರೋಮಿನ ಸ್ವಂತ ಟಾಸ್ಕ್ ಮ್ಯಾನೇಜರ್ ತೆರೆದುಕೊಂಡು, ಯಾವ ಟ್ಯಾಬು ಎಷ್ಟು ಮೆಮೊರಿ ನುಂಗಿದೆ ಎಂಬ ಲೆಕ್ಕ ತೋರಿಸಿತು. ನಮ್ಮ 512 ಎಂಬಿಯ ಕೊಟ್ಟಿಗೆ ಅರ್ಧಕ್ಕರ್ಧ ಖಾಲಿಯಾಗಿತ್ತು. ಅಮ್ಮ ಮಜ್ಜಿಗೆಗೆ ಹೋಗಿದ್ದಳು. ಆ ಬ್ರೌಸರಿನ ಬಗ್ಗೆ ಮುಂದಿನ ದಿನಗಳಲ್ಲಿ ನಾನು ಓದಿದ ಯಾವ ವಿಮರ್ಶೆಯೂ ಅಷ್ಟು ಚಿಕ್ಕದಾಗಿ ಅಷ್ಟನ್ನು ಹೇಳಲಿಲ್ಲ.

ಮೂರನೆಯ ಅನಿಸಿಕೆ ಕಾನೂನಿನದು. ಅನುಸ್ಥಾಪನೆಗೆ ಮೊದಲು "ಒಪ್ಪಿದ್ದೇನೆ" ಎಂದು ಒತ್ತುವ ಕರಾರನ್ನು ಓದುವ ಜಾಯಮಾನ ನನ್ನದಲ್ಲ. ಮಗಳು ಓದಿದಳು. ಹನ್ನೊಂದನೇ ಕಲಮಿನಲ್ಲಿ, ಈ ಸೇವೆಯ ಮೂಲಕ ನಾವು ಸಲ್ಲಿಸಿದ, ಪ್ರಕಟಿಸಿದ ಬರಹವನ್ನು ಕಂಪನಿಯವರು ಜಗತ್ತಿನಾದ್ಯಂತ, ಶಾಶ್ವತವಾಗಿ, ಸಂಭಾವನೆಯಿಲ್ಲದೆ ಪ್ರಕಟಿಸಬಹುದು, ಅನುವಾದಿಸಬಹುದು, ಹಂಚಬಹುದು ಎಂದಿತ್ತು. ಊರೆಲ್ಲ ಇದರ ಮೇಲೆ ಕೆಂಡ ಕಾರುತ್ತಿದ್ದರೆ ನನ್ನ ಕಣ್ಣಲ್ಲಿ ನೀರು ಬಂತು. ಆವರೆಗೆ ನನ್ನ ಬರಹವನ್ನು ಕೇಳಿ ಪಡೆದವರು ಯಾರೂ ಇರಲಿಲ್ಲ. ಇವರು ಕೇಳದೆಯೇ, ವಿಶ್ವದಾದ್ಯಂತ, ಎಂದೆಂದಿಗೂ ಪ್ರಕಟಿಸುತ್ತೇವೆ ಅನ್ನುತ್ತಿದ್ದಾರೆ. ಸಂಭಾವನೆ ಇಲ್ಲ, ನಿಜ. ಕನ್ನಡದ ಲೇಖಕನಿಗೆ ಆ ಕಲಮೊಂದೇ ಪರಿಚಿತವಾಗಿ ಕಂಡದ್ದು.

ಸಂತೋಷ ಒಂದೆರಡು ದಿನ ಇತ್ತು. ತಮ್ಮ ಬೇರೆ ಸೇವೆಗಳ ಕರಾರನ್ನೇ ಇಲ್ಲಿಗೂ ಎತ್ತಿ ಹಾಕಿದ್ದರಿಂದ ಆದ ಎಡವಟ್ಟಿದು ಎಂದು ಹೇಳಿ, ಕಂಪನಿಯವರು ಆ ಕಲಮನ್ನು ತೆಗೆದುಹಾಕಿದರು. ಆಗಲೇ ಇಳಿಸಿಕೊಂಡವರಿಗೂ ಹೊಸ ಕರಾರೇ ಅನ್ವಯ ಎಂದೂ ಸೇರಿಸಿದರು. ಸಂಪಾದಕರುಗಳಿಂದ ವಿಷಾದಪತ್ರ ಪಡೆದು ನನಗೆ ಅಭ್ಯಾಸವಿದೆ. ಬ್ರೌಸರಿನಿಂದ ಬಂದದ್ದು ಅದೇ ಮೊದಲು.

ಕನ್ನಡದ ವಿಷಯವನ್ನೂ ಹೇಳಬೇಕು. ಅಮ್ಮನಿಗೆ ದಿನಾ ಒಂದು ಪತ್ರಿಕೆಯ ತಾಣ ತೆರೆದು ದಪ್ಪಕ್ಷರದಲ್ಲಿ ತೋರಿಸುವುದು ನನ್ನ ಪುತ್ರಧರ್ಮ. ಕ್ರೋಮಿನಲ್ಲಿ ತೆರೆದರೆ ಪುಟದ ತುಂಬ ಪೌಂಡಿನ ಗುರುತು, ನೆತ್ತಿಯ ಮೇಲೆ ಓರೆಗೆರೆ ಹೊತ್ತ ಇಂಗ್ಲಿಷ್ ಎ, ನಡುನಡುವೆ ಪಿ. "ಇಂಗ್ಲೆಂಡಿನ ದುಡ್ಡಿನ ಸುದ್ದಿನೇ ಎಲ್ಲಾನೂ?" ಎಂದಳು ಅಮ್ಮ. ದೋಷ ಬ್ರೌಸರಿನದಲ್ಲ. ಆಗಿನ್ನೂ ಹಲವು ಕನ್ನಡ ತಾಣಗಳು ಯೂನಿಕೋಡಿಗೆ ಬಂದಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ತಮ್ಮದೇ ಫಾಂಟನ್ನು ಪುಟದ ಜೊತೆಗೆ ಕಳಿಸುತ್ತಿದ್ದವು. ಹಾಗೆ ಕಳಿಸಿದ ಫಾಂಟನ್ನು ಬಿಚ್ಚಿ ಹಾಕಿಕೊಳ್ಳುವ ವಿದ್ಯೆ ಎಕ್ಸ್‌ಪ್ಲೋರರಿಗೆ ಮಾತ್ರ ಬರುತ್ತಿತ್ತು. ಬೇರೆ ಬ್ರೌಸರಿನಲ್ಲಿ ನ ಅಕ್ಷರ ಪೌಂಡಾಗಿಯೇ ಉಳಿಯುತ್ತಿತ್ತು. ಅತ್ತ ಕನ್ನಡ ವಿಕಿಪೀಡಿಯ 2003ರಿಂದಲೂ ಯೂನಿಕೋಡಿನಲ್ಲೇ ಇದ್ದು, ಕ್ರೋಮಿನಲ್ಲೂ ಕನ್ನಡವಾಗಿಯೇ ಕಾಣುತ್ತಿತ್ತು. ಹೀಗಾಗಿ ನಮ್ಮ ಯಂತ್ರದಲ್ಲಿ ಅಮ್ಮನಿಗೆ ಎಕ್ಸ್‌ಪ್ಲೋರರ್, ಮಿಕ್ಕವರಿಗೆ ಕ್ರೋಮ್ ಎಂದು ವಿಭಾಗವಾಯಿತು.

ಇನ್ನು ಒಂಬತ್ತು ಚೌಕಗಳ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಅದನ್ನು ಮುಂದೂಡಿದ್ದು ಬೇಕೆಂತಲೇ.

ಕ್ರೋಮಿನಲ್ಲಿ ಹೊಸ ಟ್ಯಾಬು ತೆರೆದರೆ ಖಾಲಿ ಪುಟ ಬರುತ್ತಿರಲಿಲ್ಲ. ಆ ಯಂತ್ರದಲ್ಲಿ ಅತಿ ಹೆಚ್ಚು ಸಲ ನೋಡಿದ ಒಂಬತ್ತು ತಾಣಗಳ ಪುಟ್ಟ ಚಿತ್ರಗಳು ಮೂರು ಸಾಲಿನಲ್ಲಿ ಬಂದು ನಿಲ್ಲುತ್ತಿದ್ದವು. ಪಕ್ಕದಲ್ಲಿ, ಈಗಷ್ಟೇ ಮುಚ್ಚಿದ ಟ್ಯಾಬುಗಳ ಪಟ್ಟಿ. ಹಳೆಯ ಬ್ರೌಸರಿಗೂ ಇದೆಲ್ಲ ಗೊತ್ತಿರುತ್ತಿತ್ತು. ಆದರೆ ಅದಕ್ಕೆ ಒಂದು ಸಭ್ಯತೆ ಇತ್ತು, ಕೇಳಿದವರಿಗೆ ಮಾತ್ರ ಹೇಳುತ್ತಿತ್ತು. ಇದು ಕೇಳದೆಯೇ, ಬಣ್ಣದ ಚಿತ್ರ ಸಮೇತ, ಬಂದವರೆದುರಿಗೆಲ್ಲ ಹೇಳುತ್ತಿತ್ತು.

ಸೆಪ್ಟೆಂಬರ್ 15ರಂದು ಅಮೆರಿಕದ ಲೀಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿತು. ಮುಂಬೈ ಸೂಚ್ಯಂಕ 14,000ದ ಕೆಳಗೆ ಜಾರಿತು. ಜನವರಿಯಲ್ಲಿ ಅದು 21,000 ದಾಟಿದ್ದಾಗ, ಇನ್ನೂ ಏರುತ್ತದೆ ಎಂದು ಲಿಫ್ಟಿನವನೂ ಹೇಳುತ್ತಿದ್ದ ಸುಮುಹೂರ್ತದಲ್ಲಿ, ನಾನು ಒಳಗೆ ಕಾಲಿಟ್ಟಿದ್ದೆ. ಆ ದುಡ್ಡು ಎಫ್‌ಡಿಯಲ್ಲಿದೆ ಎಂಬುದು ಮನೆಯವರ ನಂಬಿಕೆ. ಆ ವಾರದ ಒಂದು ಸಂಜೆ ಹೆಂಡತಿ ಬಿಸಿಬೇಳೆಪುಡಿಯ ಅಳತೆ ನೋಡಲು ಕೂತು ಹೊಸ ಟ್ಯಾಬು ತೆರೆದಳು.

ಮೊದಲನೇ ಚೌಕವೇ ಷೇರುಪೇಟೆ. ಅಷ್ಟು ಸಣ್ಣ ಚಿತ್ರದಲ್ಲಿ ಅಂಕಿಗಳನ್ನು ಓದಲಾಗದು. ಆದರೆ ಎಡಗಡೆ ಮೇಲಿನ ಮೂಲೆಯಿಂದ ಬಲಗಡೆ ಕೆಳಗಿನ ಮೂಲೆಗೆ ಇಳಿದಿದ್ದ ಕೆಂಪು ಗೆರೆ ಅಡುಗೆಮನೆಯ ಬಾಗಿಲಿನಿಂದಲೂ ಕಾಣುವಂತಿತ್ತು.

"ಇದೇನ್ರೀ ಇದು?"

"ಹಂಪಿಯ ನಕ್ಷೆ. ಅದು ತುಂಗಭದ್ರೆ."

"ಕೆಂಪಗಿದೆ?"

"ಪ್ರವಾಹ."

"ಅಪ್ಪಾ, ಕೆಳಗೆ ಸೆನ್ಸೆಕ್ಸ್ ಅಂತ ಬರೆದಿದೆ," ಎಂದಳು ಮಗಳು. ಇಂಜಿನಿಯರಿಂಗ್ ಓದಿಸಿದ್ದಕ್ಕೆ ಸಿಕ್ಕ ಪ್ರತಿಫಲ.

ಅಷ್ಟು ಹೊತ್ತಿಗೆ ಅಮ್ಮ ಕನ್ನಡಕ ಹಾಕಿಕೊಂಡು ಬಂದು ಕುರ್ಚಿ ಎಳೆದುಕೊಂಡಿದ್ದಳು. ಎರಡನೇ ಚೌಕ ಕ್ರಿಕೆಟ್ಟು. ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ಮೂರನೆಯದು ಕೂದಲು ಉದುರುವುದಕ್ಕೆ ಮನೆಮದ್ದು. "ಇದ್ದಾಗ ಎಣ್ಣೆ ಹಚ್ತೀನಿ ಬಾರೋ ಅಂದ್ರೆ ಓಡ್ತಿದ್ದೆ," ಎಂದಳು ಅಮ್ಮ, ಮಮತೆಯಿಂದಲೇ. ನಾಲ್ಕನೆಯದು ದಿನಭವಿಷ್ಯ. ಇದು ಸೂಕ್ಷ್ಮ, ಏಕೆಂದರೆ ಮದುವೆಯ ಮಾತುಕತೆಯ ಕಾಲದಿಂದಲೂ ನಾನು ಜಾತಕ ನಂಬದ ವಿಚಾರವಂತ, ಆ ಕಾರಣಕ್ಕೇ ಮಾವನವರ ಜೊತೆ ಮಾತು ಬಿಟ್ಟಿದ್ದವನು. ಐದನೆಯದು ಇಸ್ಪೀಟು. ಆರನೆಯದು ಗಂಡು ಹುಡುಕುವ ತಾಣ. ಇಲ್ಲಿ ಒಂದು ನಿಮಿಷ ವಿಚಾರಣೆ ದಿಕ್ಕು ಬದಲಿಸಿತು. ಮಗಳು ತಾಯಿಯನ್ನು ನೋಡಿದಳು, ತಾಯಿ ನನ್ನನ್ನು, ನಾನು ಮಗಳನ್ನು. ಅಮ್ಮ ಮಾತ್ರ ಸೀಲಿಂಗ್ ಫ್ಯಾನ್ ನೋಡುತ್ತಿದ್ದಳು. ಎಕ್ಸ್‌ಪ್ಲೋರರಿನಲ್ಲಿ ಪತ್ರಿಕೆಯನ್ನಷ್ಟೇ ಓದುವ ಈ ಹೆಂಗಸು ಪಕ್ಕದ ಮನೆಯ ಹುಡುಗನನ್ನು ಕೂರಿಸಿಕೊಂಡು ಮಧ್ಯಾಹ್ನಗಳಲ್ಲಿ ಮೊಮ್ಮಗಳಿಗೆ ವರಾನ್ವೇಷಣೆ ನಡೆಸುತ್ತಿದ್ದಳು ಎಂಬುದು ಹೀಗೆ ಬಯಲಾಯಿತು. ಏಳು ಮೇಲು, ಎಂಟು ರೈಲು ಟಿಕೆಟ್ಟು. ಒಂಬತ್ತನೆಯದು ಅಡುಗೆ, ಹೆಂಡತಿಯದು. ಒಂಬತ್ತರಲ್ಲಿ ನಿಷ್ಕಳಂಕವಾದ ಚೌಕ ಅದೊಂದೇ.

ಕೃಷ್ಣದೇವರಾಯ ಎಲ್ಲೂ ಇರಲಿಲ್ಲ.

ಸಂಜೆಯ ಎರಡು ತಾಸಿನ ಕಾನೂನು ಅಂದೇ ರದ್ದಾಯಿತು. ನಾನು ಅದನ್ನು ಮರಳಿ ಪಡೆಯಲು ರಾಜಮಾರ್ಗವನ್ನೇ ಹಿಡಿದೆ. ಚೌಕಗಳು ಬರುವುದು ನೋಡಿದ ಲೆಕ್ಕದ ಮೇಲೆ ತಾನೆ? ರಾತ್ರಿ ಎರಡಕ್ಕೆ ಅಲಾರಂ ಇಟ್ಟು ಎದ್ದು ಹಂಪಿಗೆ ಹೋಗತೊಡಗಿದೆ. ವಿಕಿಪೀಡಿಯದ ಹಂಪಿ, ಹಂಪಿಯನ್ನು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಯುನೆಸ್ಕೋದವರ ಹಂಪಿ. ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು. ಒಂದಕ್ಷರ ಓದಲಿಲ್ಲ, ಓದಲು ಪುರುಸೊತ್ತೆಲ್ಲಿತ್ತು? ಕೆಲವೇ ರಾತ್ರಿಗಳಲ್ಲಿ ಶ್ರಮ ಫಲಿಸಿತು. ಕಲ್ಲಿನ ರಥದ ಒಂದು ಪುಟ್ಟ ಚಿತ್ರ ಒಂಬತ್ತನೇ ಚೌಕದಲ್ಲಿ ಬಂದು ಕೂತಿತು.

ಹಿಗ್ಗಿನಿಂದ ಎಲ್ಲರನ್ನೂ ಕರೆದೆ. ಹೆಂಡತಿ ಬಂದು ನೋಡಿದಳು. "ಅಡುಗೆದು ಎಲ್ಲಿ ಹೋಯ್ತು?"

ಇರುವುದು ಒಂಬತ್ತೇ ಜಾಗ. ಒಬ್ಬರು ಒಳಗೆ ಬರಬೇಕಾದರೆ ಒಬ್ಬರು ಎದ್ದುಹೋಗಬೇಕು. ಷೇರು, ಇಸ್ಪೀಟು, ದಿನಭವಿಷ್ಯಗಳೆಲ್ಲ ಭದ್ರವಾಗಿ ಕೂತಿದ್ದವು. ಎದ್ದುಹೋದದ್ದು ಅವಳ ಬಿಸಿಬೇಳೆಭಾತು. ಮಗಳು ಕೆಳಗಿನ ಕೊಂಡಿ ಒತ್ತಿ ಇತಿಹಾಸದ ಪೂರ್ತಿ ಪಟ್ಟಿ ತೆಗೆದಳು. ರಾತ್ರಿ ಎರಡು ಗಂಟೆ ನಾಲ್ಕು ನಿಮಿಷ, ಹಂಪಿ. ಎರಡು ಗಂಟೆ ಐದು ನಿಮಿಷ, ಹಂಪಿ. ಅದೇ ನಿಮಿಷ ಇನ್ನೊಮ್ಮೆ, ಹಂಪಿ. "ಅಪ್ಪಾ, ಆರ್ ಯೂ ಓಕೆ?" ಎಂದಳು. ಅವಳ ದನಿಯಲ್ಲಿ ಮೊದಲ ಬಾರಿಗೆ ನಿಜವಾದ ಕಾಳಜಿ ಇತ್ತು.

ಉಳಿದಿದ್ದು ಇನ್‌ಕಾಗ್ನಿಟೋ. ಹ್ಯಾಟು, ಕಪ್ಪು ಕನ್ನಡಕ, ಕೋಟಿನ ಕಾಲರ್ ಎತ್ತಿಕೊಂಡ ಪತ್ತೇದಾರನ ಗುರುತಿನ ಗುಪ್ತ ಕಿಟಕಿ. ಅದರಲ್ಲಿ ನೋಡಿದ ಪುಟಗಳು ಇತಿಹಾಸಕ್ಕೆ ಸೇರವು, ಚೌಕಕ್ಕೂ ಬಾರವು. ಇದು ಯಾಕೆ ಬೇಕು ಎಂಬುದಕ್ಕೆ ಕಂಪನಿಯವರು ಕೊಟ್ಟ ಉದಾಹರಣೆ ಬಹಳ ಮರ್ಯಾದಸ್ಥವಾಗಿತ್ತು, ಮನೆಯವರಿಗೆ ತಿಳಿಯದಂತೆ ಹುಟ್ಟುಹಬ್ಬದ ಉಡುಗೊರೆ ಹುಡುಕಲು ಎಂದು. ಒಂದು ಮಧ್ಯಾಹ್ನ ಮನೆ ನಿಶ್ಶಬ್ದವಾಗಿದ್ದಾಗ ಅದನ್ನು ತೆರೆದೆ. ಷೇರಿನ ಸ್ಥಿತಿ ನೋಡಲೇಬೇಕಿತ್ತು. ತೆರೆದ ಕೂಡಲೇ ಒಂದು ಎಚ್ಚರಿಕೆಯ ಪಟ್ಟಿ ಬಂತು. ಈ ಕಿಟಕಿಯಲ್ಲಿದ್ದರೂ ಕೆಲವರಿಂದ ರಕ್ಷಣೆ ಇಲ್ಲ, ಹುಷಾರು, ಎನ್ನುವ ಪಟ್ಟಿ. ಮಾಹಿತಿ ಕಲೆಹಾಕುವ ತಾಣಗಳು, ಇಂಟರ್ನೆಟ್ ಕಂಪನಿ, ಕೆಲಸ ಕೊಟ್ಟ ಧಣಿ, ಒತ್ತಿದ ಕೀಲಿಗಳನ್ನೆಲ್ಲ ಬರೆದಿಟ್ಟುಕೊಳ್ಳುವ ಕುತಂತ್ರಾಂಶ, ಗುಪ್ತಚರರು. ಕೊನೆಯ ಸಾಲು, ನಿಮ್ಮ ಬೆನ್ನ ಹಿಂದೆ ನಿಂತಿರುವವರು.

ಇದು ನನ್ನ ಕಲ್ಪನೆಯಲ್ಲ, ಆ ಕಾಲದಲ್ಲಿ ಕ್ರೋಮ್ ಹಾಕಿಕೊಂಡಿದ್ದ ಯಾರನ್ನಾದರೂ ಕೇಳಿ.

ತಿರುಗಿ ನೋಡಿದೆ.

"ಉಡುಗೊರೆ ಹುಡುಕ್ತಿದ್ದೆ ಕಣೇ. ಸರ್‌ಪ್ರೈಸ್."

"ಆ ಕೆಂಪು ಗೆರೆ ಒಂದು ಕೊಟ್ಟಿದ್ದೀರಲ್ಲ," ಎಂದಳು ಅವಳು. "ಈ ವರ್ಷಕ್ಕೆ ಅಷ್ಟು ಸಾಕು."

ಅಕ್ಟೋಬರಿನಲ್ಲಿ ಸೂಚ್ಯಂಕ 10,000ದ ಕೆಳಗಿಳಿಯಿತು. ಡಿಸೆಂಬರ್ 11ರಂದು ಕ್ರೋಮಿನ ಹೆಸರಿನ ಪಕ್ಕದಲ್ಲಿದ್ದ ಬೀಟಾ ಪಟ್ಟಿ ಕಳಚಿತು; ಕಂಪನಿಯವರ ದೃಷ್ಟಿಯಲ್ಲಿ ಪರೀಕ್ಷೆಯ ಕಾಲ ಮುಗಿದಂತೆ. ನನ್ನದು ಮುಗಿದಿರಲಿಲ್ಲ. ಆ ಒಂಬತ್ತರಲ್ಲಿ ಬೇಡದ ಒಂದೇ ಒಂದು ಚೌಕವನ್ನು ಕಿತ್ತುಹಾಕುವ ಉಪಾಯ ಮೊದಲ ಆವೃತ್ತಿಯಲ್ಲಿ ಇರಲಿಲ್ಲ, ಅದನ್ನು ಕೊಡಿ ಎಂದು ಕೇಳುವಷ್ಟು ಗತಿಗೆಟ್ಟವನು ಜಗತ್ತಿನಲ್ಲಿ ನಾನೊಬ್ಬನೇ ಎಂದುಕೊಂಡಿದ್ದೆ. 2009ರ ಮೇ ತಿಂಗಳಲ್ಲಿ ಎರಡನೇ ಆವೃತ್ತಿ ಬಂತು. ಅದರಲ್ಲಿ ಬೇಡವಾದ ಚೌಕವನ್ನು ತೆಗೆದುಹಾಕುವ ಸೌಲಭ್ಯ ಕೊಟ್ಟಿದ್ದರು. ಹೊಸ ಟ್ಯಾಬಿನ ಪುಟದಲ್ಲಿ ಬಳಕೆದಾರರು ಅತಿ ಹೆಚ್ಚು ಕೇಳಿಕೊಂಡಿದ್ದ ಸೌಲಭ್ಯ ಇದೇ ಎಂದು ಕಂಪನಿಯವರೇ ಪ್ರಕಟಿಸಿದರು.